ಗಣಿಯೂರಿನ ಊಟ: ಊರಿಗಾಮಿನಿಂದ ಪಚೂಕಾದವರೆಗೆ

ಕೋಲಾರದ ಚಿನ್ನದ ಗಣಿಗಳ ಚರಿತ್ರೆಯನ್ನು ಸ್ವಲ್ಪಮಟ್ಟಿಗಾದರೂ ಬಲ್ಲವರಿಗೆ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಹೆಸರು ಅಪರಿಚಿತವಾದುದಲ್ಲ. 1880ರಲ್ಲಿ ಮೈಸೂರು ಸಂಸ್ಥಾನದ ಪೂರ್ವದ ಅಂಚಿಗೆ ಬಂದು ನೆಲೆಯೂರಿದ ಈ ಲಂಡನ್ ಸಂಸ್ಥೆ, ಊರಿಗಾಂ, ಚಾಂಪಿಯನ್ ರೀಫ್, ಮೈಸೂರು, ನಂದಿದುರ್ಗ ಮೊದಲಾದ ಗಣಿಗಳ ಆಡಳಿತವನ್ನು ಮುಕ್ಕಾಲು ಶತಮಾನದ ಕಾಲ ನಡೆಸಿ, 1956ರಲ್ಲಿ ಅವು ಸರ್ಕಾರದ ವಶವಾದಾಗ ನಮ್ಮ ನೆಲದಿಂದ ನಿರ್ಗಮಿಸಿತು. ಆದರೆ ಈ ಮನೆತನದ ಮೂಲಪುರುಷನಾದ ಜಾನ್ ಟೇಲರನು, ತನ್ನ ಸಂಸ್ಥೆ ನಮ್ಮ ಕಡೆಗೆ ಬರುವುದಕ್ಕೆ ಅರ್ಧ ಶತಮಾನಕ್ಕೂ ಮೊದಲೇ, 1824ರಲ್ಲಿ, ಮೆಕ್ಸಿಕೋ ದೇಶದ ಇಂದಿನ ಇದಾಲ್ಗೊ ರಾಜ್ಯಕ್ಕೆ ಸೇರಿದ ರೆಯಾಲ್ ದೆಲ್ ಮೊಂತೆ ಎಂಬ ಬೆಳ್ಳಿಯ ಗಣಿಯೂರಿನಲ್ಲಿ ಇಂಥದೇ ಸಾಹಸವೊಂದಕ್ಕೆ ಕೈಹಾಕಿದ್ದನೆಂಬ ಸಂಗತಿ ನಮ್ಮಲ್ಲಿ ಹೆಚ್ಚು ಜನಕ್ಕೆ ತಿಳಿಯದು. ನೀರು ತುಂಬಿ ಹಾಳುಬಿದ್ದಿದ್ದ ಆ ಗಣಿಗಳನ್ನು ಉಗಿಯಂತ್ರಗಳಿಂದ ಬರಿದುಮಾಡಿ ಮತ್ತೆ ಬೆಳ್ಳಿ ತೆಗೆಯಬಹುದೆಂಬ ಭರವಸೆಯಿಂದ, ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್ ಪ್ರಾಂತದ ಗಣಿಗಾರರೂ ಸುಮಾರು 1,500 ಟನ್ ತೂಕದ ಯಂತ್ರಸಾಮಗ್ರಿಯೂ 1825ರಲ್ಲಿ ಹಡಗೇರಿ ವೆರಾಕ್ರೂಸ್ ತೀರವನ್ನು ಮುಟ್ಟಿದಾಗ, ಅಲ್ಲಿಯ ಹಳದಿಜ್ವರ ಎಷ್ಟೋ ಜನರನ್ನು ತೀರದಲ್ಲಿಯೇ ಬಲಿತೆಗೆದುಕೊಂಡಿತು. ಉಳಿದವರು ಆ ಭಾರವನ್ನೆಲ್ಲ ಹೇಸರಗತ್ತೆಗಳಿಂದ ಎಳೆಸಿ ಬೆಟ್ಟದ ಮೇಲಕ್ಕೆ ತಲುಪಿಸುವ ವೇಳೆಗೆ ಮರುವರ್ಷ ಬಂದಿತ್ತು. 1849ರಲ್ಲಿ ಕಂಪನಿ ಭಾರಿ ನಷ್ಟವನ್ನು ಹೊತ್ತು ಗಣಿಗಳನ್ನು ಮಾರಿತು. ಬಂದ ಕಾರ್ನ್‌ವಾಲಿನವರಲ್ಲಿ ಅನೇಕರು ಮಾತ್ರ ಹಿಂದಿರುಗಲಿಲ್ಲ. ಅವರೊಡನೆ ಬಂದ ತಿನಿಸೊಂದೂ ಅಲ್ಲಿಯೇ ಉಳಿಯಿತು. ಅದರ ವಿಚಾರ ಮುಂದೆ ಬರುತ್ತದೆ.

ಊರಿಗಾಂ ನಿಲ್ದಾಣದ ರೈಲಿನ ಕೂಗು ಕೇಳಿಸುವಷ್ಟು ಸಮೀಪದ ಮನೆಯಲ್ಲಿ ಹುಟ್ಟಿ ಬೆಳೆದ ನಾನು ಲೋಹಶಾಸ್ತ್ರದ ಉನ್ನತ ವ್ಯಾಸಂಗಕ್ಕಾಗಿ ಅದೇ ಇದಾಲ್ಗೊ ರಾಜ್ಯದ ಪಚೂಕಾ ನಗರವನ್ನು ಆರಿಸಿಕೊಂಡದ್ದಕ್ಕೆ ಈ ಚರಿತ್ರೆ ಕಾರಣವಾಗಿರಲಿಲ್ಲ. ಪುಡಿಮಾಡಿದ ಅದಿರನ್ನು ಸಯನೈಡ್ ದ್ರಾವಣದಲ್ಲಿ ಗಾಳಿಯ ಒತ್ತಡದಿಂದ ಕಲಕುವ ಎತ್ತರವಾದ ತೊಟ್ಟಿಗೆ ಲೋಹಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಪಚೂಕಾ ತೊಟ್ಟಿ ಎಂದೇ ಹೆಸರು. ಆ ಹೆಸರಿನ ಊರೊಂದು ಇದೆಯೆಂಬ ಕುತೂಹಲವೇ ನನ್ನನ್ನು ಅಲ್ಲಿಗೆ ಎಳೆಯಿತು. ಮೆಕ್ಸಿಕೋ ನಗರದಿಂದ ಸುಮಾರು 90 ಕಿಲೋಮೀಟರು ದೂರದಲ್ಲಿ, ಸಮುದ್ರಮಟ್ಟದಿಂದ ಸುಮಾರು 2,400 ಮೀಟರು ಎತ್ತರದಲ್ಲಿರುವ ಈ ಊರು ತನ್ನ ಬಿರುಗಾಳಿಗೆ ದೇಶದಲ್ಲೆಲ್ಲ ಪ್ರಸಿದ್ಧವಾದುದು. ಊರಿನ ದಕ್ಷಿಣಕ್ಕೆ ಶತಮಾನಗಳ ಗಣಿಗಾರಿಕೆ ಬಿಟ್ಟುಹೋದ ತ್ಯಾಜ್ಯಮರಳಿನ ಮಸುಕಾದ ದಿಬ್ಬಗಳು ಹಬ್ಬಿಕೊಂಡಿವೆ. ಗಾಳಿಯೆದ್ದಾಗ ಅವುಗಳ ಧೂಳು ಮನೆಯೊಳಗಣ ಪಾತ್ರೆಪಡಗಗಳ ಮೇಲೂ ಕೂರುತ್ತದೆ. ನಮ್ಮ ಚಿನ್ನದ ಗಣಿಗಳ ಸಯನೈಡ್ ತ್ಯಾಜ್ಯದ ದಿಬ್ಬಗಳ ನೆರಳಿನಲ್ಲಿ ಆಡಿ ಬೆಳೆದವನಿಗೆ ಅದು ಪರದೇಶವೆಂದು ಅನ್ನಿಸುವುದು ಕಷ್ಟ. ಅಷ್ಟು ದೂರ ಹೋಗಿ ಮೊದಲ ವಾರದಲ್ಲಿಯೇ ನಾನು ಮಾಡಿದ ಕೆಲಸ, ಊಟದ ತಟ್ಟೆಯನ್ನು ಬಳಸುವ ಮುನ್ನ ಒರಸಿಕೊಳ್ಳುವುದು. ಅದು ನಮ್ಮ ಅಮ್ಮ ಕಲಿಸಿದ ಅಭ್ಯಾಸ.

ವಿದ್ಯಾರ್ಥಿಯಾಗಿ ಪರದೇಶಕ್ಕೆ ಹೋದವನು ಆ ದೇಶವನ್ನು ಅರಿಯುವುದು ಗ್ರಂಥಾಲಯದಲ್ಲಿ ಸ್ವಲ್ಪ, ಅಡಿಗೆಮನೆಯಲ್ಲಿ ಬಹಳ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಾನು ಬಾಡಿಗೆಗಿದ್ದ ಮನೆಯ ಒಡತಿ ಎಪ್ಪತ್ತರ ಅಂಚಿನ ವಿಧವೆ. ಆಕೆಯ ಗಂಡ ಗಣಿಯಲ್ಲಿ ದುಡಿದು ಮಡಿದವನು. ಆಕೆಯ ಅಡಿಗೆಮನೆಯಲ್ಲಿ ಸಂಜೆಯ ಹೊತ್ತಿನಲ್ಲಿ ನಡೆಯುತ್ತಿದ್ದ ಒಂದು ಕ್ರಿಯೆಯನ್ನು ನಾನು ಬೆರಗಿನಿಂದ ನೋಡುತ್ತಿದ್ದೆ. ಒಣಗಿದ ಮುಸುಕಿನ ಜೋಳವನ್ನು ನೀರಿಗೆ ಹಾಕಿ, ಅದಕ್ಕೆ ಒಂದಿಷ್ಟು ಸುಣ್ಣವನ್ನು ಕದಡಿ, ಕುದಿಸಿ, ರಾತ್ರಿಯೆಲ್ಲ ಹಾಗೆಯೇ ನೆನೆಯಲು ಬಿಟ್ಟು, ಬೆಳಗ್ಗೆ ಸಿಪ್ಪೆ ಬಿಟ್ಟುಕೊಂಡ ಕಾಳನ್ನು ತೊಳೆದು ಅರೆದು, ಆ ಹಿಟ್ಟಿನ ಉಂಡೆಗಳನ್ನು ತೆಳ್ಳಗೆ ತಟ್ಟಿ ಕಾದ ಹೆಂಚಿನ ಮೇಲೆ ಸುಡುವುದೇ ತೊರ್ತಿಯಾ ಎಂಬ ಅವರ ನಿತ್ಯದ ರೊಟ್ಟಿ. ನಮ್ಮಲ್ಲಿ ಸುಣ್ಣ ಬಾಯಿಗೆ ಬರುವುದು ವೀಳ್ಯದೆಲೆಯೊಡನೆ ಮಾತ್ರ. ಅವರಲ್ಲಿಯಾದರೋ ಅದು ಸಾವಿರಾರು ವರ್ಷಗಳಿಂದ ಅನ್ನದ ಅಂಗವಾಗಿದೆ.

ಇದು ಬರಿಯ ರುಚಿಗಾಗಿ ಹುಟ್ಟಿದ ಪದ್ಧತಿಯಲ್ಲ. ಜೋಳದಲ್ಲಿರುವ ನಯಾಸಿನ್ ಎಂಬ ಜೀವಸತ್ವ ಕಾಳಿನೊಳಗೆ ಬಂಧಿತವಾಗಿರುವುದರಿಂದ ಶರೀರಕ್ಕೆ ದಕ್ಕದು. ಸುಣ್ಣದ ಸಂಸ್ಕಾರ ಅದನ್ನು ಬಿಡುಗಡೆ ಮಾಡುತ್ತದೆ. ಯೂರೋಪಿಯನರು ಅಮೆರಿಕದಿಂದ ಜೋಳವನ್ನು ಒಯ್ದರು, ಸುಣ್ಣದ ವಿದ್ಯೆಯನ್ನು ಅಲ್ಲಿಯೇ ಬಿಟ್ಟರು. ತತ್ಪರಿಣಾಮವಾಗಿ ಉತ್ತರ ಇಟಲಿಯ ಬಡ ರೈತರಲ್ಲಿಯೂ, ಕಾಲಾಂತರದಲ್ಲಿ ಅಮೆರಿಕ ಸಂಯುಕ್ತಸಂಸ್ಥಾನದ ದಕ್ಷಿಣ ಪ್ರಾಂತಗಳಲ್ಲಿಯೂ ಪೆಲಾಗ್ರ ಎಂಬ ಘೋರವ್ಯಾಧಿ ಹಬ್ಬಿ, ಚರ್ಮ ಸುಲಿದು, ಬುದ್ಧಿ ಕೆಟ್ಟು, ಲೆಕ್ಕವಿಲ್ಲದಷ್ಟು ಜನ ಸತ್ತರು. ಮೆಕ್ಸಿಕೋದ ಅಜ್ಜಿಯರಿಗೆ ನಯಾಸಿನ್ನಿನ ಹೆಸರು ತಿಳಿದಿರಲಿಲ್ಲ. ಅದರ ಉಪಾಯ ತಿಳಿದಿತ್ತು. ಸುಣ್ಣದಿಂದ ಅವರ ರೊಟ್ಟಿಗೆ ಕ್ಯಾಲ್ಸಿಯಮ್ಮೂ ಸೇರುತ್ತದೆ; ನಮ್ಮ ರಾಗಿಗೆ ಅದು ಹುಟ್ಟಿನಿಂದಲೇ ಬಂದ ಗುಣ, 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮಿಕ್ಕ ಕ್ಯಾಲ್ಸಿಯಂ ಉಂಟು. ಕೋಲಾರದ ಕೂಲಿಕಾರನ ಎಲುಬನ್ನು ಮುದ್ದೆಯೂ ಪಚೂಕಾದ ಗಣಿಗಾರನ ಎಲುಬನ್ನು ಸುಣ್ಣದ ರೊಟ್ಟಿಯೂ ಕಾಪಾಡಿದವು.

ಈಗ ಪ್ರತಿಮನೆಯಲ್ಲಿಯೂ ಜೋಳ ನೆನೆಯುವುದಿಲ್ಲವೆಂಬುದನ್ನು ಹೇಳಬೇಕು. ಬೀದಿಬೀದಿಗೂ ತೊರ್ತಿಯಾ ಅಂಗಡಿಗಳಿವೆ. ಯಂತ್ರದಿಂದ ಬಿಸಿಬಿಸಿಯಾಗಿ ಉರುಳಿಬರುವ ರೊಟ್ಟಿಗಳನ್ನು ಜನ ಸಾಲಿನಲ್ಲಿ ನಿಂತು ಕಿಲೋ ಲೆಕ್ಕದಲ್ಲಿ ತೂಗಿಸಿ, ಮನೆಯಿಂದ ತಂದ ಶುಭ್ರವಾದ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗುತ್ತಾರೆ. ಹಗಲಿನ ಮುಖ್ಯ ಭೋಜನ ಅವರಿಗೆ ಮಧ್ಯಾಹ್ನ ಎರಡರಿಂದ ನಾಲ್ಕು ಗಂಟೆಯೊಳಗೆ. ರಾತ್ರಿಯ ಊಟ ಲಘುವಾದುದು. ಈ ಮಧ್ಯಾಹ್ನದ ಊಟವನ್ನು ಅಗ್ಗದ ದರಕ್ಕೆ ಬಡಿಸುವ ಸಣ್ಣ ಹೋಟೆಲುಗಳು ನಮ್ಮಂಥ ವಿದ್ಯಾರ್ಥಿಗಳಿಗೆ ಆಶ್ರಯಸ್ಥಾನಗಳಾಗಿದ್ದವು: ಮೊದಲು ಸಾರು, ಆಮೇಲೆ ಅನ್ನ, ಆಮೇಲೆ ಮಾಂಸವೋ ತರಕಾರಿಯೋ ಇರುವ ಮುಖ್ಯ ಭಕ್ಷ್ಯ, ಪಕ್ಕದಲ್ಲಿ ಬೇಯಿಸಿದ ಹುರುಳಿಕಾಯಿಯ ಬೀಜ, ಒಂದು ಲೋಟ ಹಣ್ಣಿನ ಪಾನಕ. ಅನ್ನ ತಾನೊಂದು ಪ್ರತ್ಯೇಕ ಭಕ್ಷ್ಯವಾಗಿ, ಸಾರಿನ ನಂತರ ಒಂಟಿಯಾಗಿ ಬರುವ ಪದ್ಧತಿಗೆ ಹೊಂದಿಕೊಳ್ಳಲು ನನಗೆ ಕಾಲ ಹಿಡಿಯಿತು. ಆ ಹೋಟೆಲುಗಳ ಒಂದು ಸೌಜನ್ಯವನ್ನು ಮಾತ್ರ ನಾನು ಎಂದಿಗೂ ಮರೆಯಲಾರೆ. ಊಟ ಮುಗಿಸಿ ಏಳುವವನು, ತನಗೆ ಗುರುತುಪರಿಚಯವೇ ಇಲ್ಲದ ಪಕ್ಕದ ಮೇಜಿನವರ ಕಡೆಗೆ ತಿರುಗಿ, ನಿಮ್ಮ ಊಟ ಮೈಗೆ ಹತ್ತಲೆಂದು ಹಾರೈಸಿ ಹೋಗುತ್ತಾನೆ, ಅವರು ವಂದಿಸುತ್ತಾರೆ. ಕೂಲಿಯವನೂ ವಕೀಲನೂ ಇದನ್ನು ತಪ್ಪಿಸುವುದಿಲ್ಲ. ಭಾಷೆ ಬಾರದ ದಿನಗಳಲ್ಲಿ ಅಪರಿಚಿತರ ನಡುವೆ ಒಬ್ಬನೇ ಕುಳಿತು ಉಣ್ಣುತ್ತಿದ್ದ ನನಗೆ ಆ ಒಂದು ಹಾರೈಕೆ ಎಷ್ಟು ದೊಡ್ಡ ಸಾಂತ್ವನವಾಗಿತ್ತೆಂಬುದನ್ನು ಬಲ್ಲವರೇ ಬಲ್ಲರು.

ಇನ್ನು ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಚಿಂತೆಗೆ ಹಚ್ಚಿದ ವಿಷಯಕ್ಕೆ ಬರುತ್ತೇನೆ. ಬಂಗಾರಪೇಟೆಯಿಂದ ಮಾರಿಕುಪ್ಪದವರೆಗೆ 1894ರಲ್ಲಿ ಹಾಕಿದ ರೈಲುಹಾದಿಯಲ್ಲಿ ಪ್ರಯಾಣಮಾಡಿದವರೆಲ್ಲರೂ ಹಾದಿಯ ಬದಿಯ ಕತ್ತಾಳೆಯನ್ನೂ, ದಿಬ್ಬಗಳಲ್ಲಿ ಬೆಳೆದ ಬಳ್ಳಾರಿ ಜಾಲಿಯನ್ನೂ, ಹೊಲದ ಬೇಲಿಗಳಲ್ಲಿ ಅಲ್ಲಲ್ಲಿ ಉಳಿದ ಪಾಪಾಸುಕಳ್ಳಿಯನ್ನೂ ಕಂಡಿರುತ್ತಾರೆ. ಇವು ನಮ್ಮ ಬೆಂಗಾಡಿನ ಸ್ವಂತ ಗಿಡಗಳೆಂದೇ ನಾವು ಭಾವಿಸಿದ್ದೇವೆ. ವಸ್ತುತಃ ಇವು ಮೂರೂ ಅಮೆರಿಕ ಖಂಡದಿಂದ ಬಂದವು. ಮೂರರ ಬಳಗವೂ ಇದಾಲ್ಗೊ ರಾಜ್ಯದ ಒಣ ಪ್ರಸ್ಥಭೂಮಿಯಲ್ಲಿ ಧಾರಾಳವಾಗಿ ಬೆಳೆಯುತ್ತದೆ. ಪಚೂಕಾದಿಂದ ಪಶ್ಚಿಮಕ್ಕೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ಕಾಣುವ ದೃಶ್ಯವನ್ನು ನಮ್ಮ ಬೇತಮಂಗಲದ ಹಾದಿಯದೆಂದರೆ ನಂಬಬಹುದು. ವ್ಯತ್ಯಾಸವೆಂದರೆ, ನಮ್ಮಲ್ಲಿ ಬೇಲಿಯಾದುದು ಅಲ್ಲಿ ಊಟವಾಗಿದೆ.

ಪಾಪಾಸುಕಳ್ಳಿಯ ಎಳೆಯ ಹಾಳೆಗಳನ್ನು ಅಲ್ಲಿ ಸಂತೆಯಲ್ಲಿ ಹೆಂಗಸರು ಕುಳಿತು ಚೂರಿಯಿಂದ ಮುಳ್ಳು ಹೆರೆದು, ಹೆಚ್ಚಿ, ಪೊಟ್ಟಣ ಕಟ್ಟಿ ಮಾರುತ್ತಾರೆ. ಬೆಂಡೆಕಾಯಿಗಿರುವಂಥ ಲೋಳೆಯುಳ್ಳ ಈ ತರಕಾರಿಯನ್ನು ಬೇಯಿಸಿ ಈರುಳ್ಳಿ, ಟೊಮೇಟೊ ಕೂಡಿಸಿಯೋ, ಹೆಂಚಿನ ಮೇಲೆ ಇಡಿಯಾಗಿ ಸುಟ್ಟೋ ತಿನ್ನುವುದುಂಟು. ಆ ದೇಶದ ಧ್ವಜದ ನಡುವೆ ಗರುಡನೊಂದು ಎರಗಿ ಕುಳಿತಿರುವುದೂ ಈ ಕಳ್ಳಿಯ ಮೇಲೆಯೇ. ಮೊದಲ ಸಲ ಅದನ್ನು ನನ್ನ ತಟ್ಟೆಗೆ ಬಡಿಸಿದಾಗ ಮನೆಯೊಡತಿ ಕೇಳಿದಳು:

“ನಿಮ್ಮ ಊರಿನಲ್ಲಿ ಇದು ಬೆಳೆಯುತ್ತದೆಯೇ, ಮಗನೇ?”

“ಬೆಳೆಯುತ್ತದೆ, ಅಮ್ಮಾ. ದನ ನುಗ್ಗದಿರಲೆಂದು ಬೇಲಿಗೆ ಇಡುತ್ತಾರೆ.”

“ದನಕ್ಕೂ ಕೊಡದೆ, ನೀವೂ ತಿನ್ನದೆ, ಮತ್ತೇನು ಮಾಡುತ್ತೀರಿ?”

ನಮ್ಮ ದಕ್ಷಿಣಭಾರತದಲ್ಲಿ ಒಂದು ಕಾಲಕ್ಕೆ ಈ ಕಳ್ಳಿ ಹೊಲಗದ್ದೆಗಳನ್ನೇ ನುಂಗುವಂತೆ ಹಬ್ಬಿದುದರಿಂದ, ಅದನ್ನು ಅಳಿಸಲೆಂದು 1926ರಲ್ಲಿ ಸಿಂಹಳದ ಮೂಲಕ ಕಾಕಿನೀಲ್ ಜಾತಿಯ ಕೀಟವನ್ನು ತಂದು ಬಿಟ್ಟರೆಂದೂ, ಆ ಕೀಟ ಕೆಲವೇ ವರ್ಷಗಳಲ್ಲಿ ಅದನ್ನು ಬಹುಮಟ್ಟಿಗೆ ನಿರ್ಮೂಲಮಾಡಿತೆಂದೂ ಕೃಷಿವಿಜ್ಞಾನದ ಪುಸ್ತಕಗಳಲ್ಲಿ ಓದಿದ್ದೆ. ಅದನ್ನು ಆಕೆಗೆ ಹೇಳಲು ನನಗೆ ಮನಸ್ಸು ಬರಲಿಲ್ಲ.

ಕತ್ತಾಳೆಯ ಕಥೆ ಇದಕ್ಕಿಂತ ದೀರ್ಘವಾದುದು. ನಾವು ಅದರಿಂದ ಪಡೆದದ್ದು ನಾರು, ಹಗ್ಗ ಇಷ್ಟೆ. ಇದಾಲ್ಗೊದ ರೈತನಾದರೋ ಅದರ ದೊಡ್ಡ ಜಾತಿಯ ಗಿಡವನ್ನು ಎಂಟು ಹತ್ತು ವರ್ಷ ಸಾಕಿ, ಅದು ಹೂದಂಡು ಬಿಡುವ ಸಮಯಕ್ಕೆ ಸರಿಯಾಗಿ ಅದರ ಗರ್ಭವನ್ನು ಕೊರೆದು ಬಟ್ಟಲಿನಾಕಾರ ಮಾಡಿ, ಅಲ್ಲಿ ಒಸರುವ ಸಿಹಿಯಾದ ರಸವನ್ನು ಉದ್ದವಾದ ಸೋರೆಬುರುಡೆಯಿಂದ ಬಾಯಿಯ ಸಹಾಯದಿಂದ ಹೀರಿ ತೆಗೆಯುತ್ತಾನೆ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ, ತಿಂಗಳುಗಟ್ಟಲೆ ನಡೆಯುವ ಕೆಲಸ ಅದು. ಹುಳಿಯೇರಿದ ಆ ರಸವೇ ಪುಲ್ಕೆ ಎಂಬ ಬಿಳಿಯ ಪಾನೀಯ. ನಮ್ಮ ಕಡೆಯ ಈಚಲ ಹೆಂಡವನ್ನು ಬಲ್ಲವರಿಗೆ ಅದರ ವಾಸನೆಯೂ ಬುರುಗೂ ಹೊಸವಲ್ಲ. ಇನ್ನು ಕತ್ತಾಳೆಯ ಅಗಲವಾದ ಎಲೆಗಳ ಉಪಯೋಗ ಭಾನುವಾರದ ಬೆಳಗ್ಗೆ ಕಾಣುತ್ತದೆ. ನೆಲದಲ್ಲಿ ತೋಡಿದ ಗುಂಡಿಯಲ್ಲಿ ಸೌದೆ ಉರಿಸಿ ಕಲ್ಲುಗಳನ್ನು ಕಾಯಿಸಿ, ಸುಟ್ಟು ಮೆತ್ತಗಾದ ಕತ್ತಾಳೆ ಎಲೆಗಳನ್ನು ಸುತ್ತಲೂ ಹಾಸಿ, ಕುರಿಯ ಮಾಂಸವನ್ನಿಟ್ಟು, ಮೇಲೆ ಎಲೆಯನ್ನೂ ಮಣ್ಣನ್ನೂ ಮುಚ್ಚಿ ರಾತ್ರಿಯಿಡೀ ಬೇಯಲು ಬಿಡುತ್ತಾರೆ. ಮಾಂಸದಿಂದ ಇಳಿದ ರಸ ಕೆಳಗಿಟ್ಟ ಪಾತ್ರೆಯಲ್ಲಿ ಕಡಲೆಕಾಳಿನೊಡನೆ ಸೇರಿ ಸಾರಾಗುತ್ತದೆ. ಆಕ್ತೋಪಾನ್ ಎಂಬ ಊರು ಈ ಪಾಕಕ್ಕೆ ಹೆಸರುವಾಸಿಯಾದುದು. ಎಲುಬಿನಿಂದ ತಾನಾಗಿ ಬಿಡುವ ಆ ಮಾಂಸವನ್ನು ಬಿಸಿರೊಟ್ಟಿಯಲ್ಲಿ ಸುತ್ತಿ ತಿಂದು, ಆ ಸಾರನ್ನು ಕುಡಿದವನು ಊರಿಗಾಮಿನ ಕತ್ತಾಳೆಯನ್ನು ಮತ್ತೆ ಮೊದಲಿನ ಕಣ್ಣಿನಿಂದ ನೋಡಲಾರನು. ನಮ್ಮ ಬೇಲಿಗಳ ಜಾತಿ ಬೇರೆ, ಅವರು ಸಾಕುವ ಜಾತಿ ಬೇರೆ ಎಂಬುದನ್ನು ಮರೆತು ಯಾರೂ ಪ್ರಯೋಗಕ್ಕೆ ಇಳಿಯಬಾರದೆಂದು ಇಲ್ಲಿಯೇ ಎಚ್ಚರಿಸುತ್ತೇನೆ. ಕೆಲವು ಕತ್ತಾಳೆಗಳ ರಸ ಮೈ ಸೋಕಿದರೆ ತುರಿಕೆಯಾಗುತ್ತದೆ.

ಇಷ್ಟು ಅಪರಿಚಿತವಾದುದರ ನಡುವೆಯೇ ತೀರ ಪರಿಚಿತವಾದುದೊಂದು ಮಳೆಗಾಲದ ಸಂತೆಯಲ್ಲಿ ಎದುರಾಯಿತು. ಕೋಲಾರದ ರೈತನು ರಾಗಿಯ ಹೊಲದಲ್ಲಿ ಅಕ್ಕಡಿಸಾಲು ಹಿಡಿದು ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆಗಳನ್ನು ಬಿತ್ತುವಂತೆ, ಮೆಕ್ಸಿಕೋದ ರೈತನು ಜೋಳದ ಹೊಲದಲ್ಲಿಯೇ ಹುರುಳಿಕಾಯಿಯನ್ನೂ ಕುಂಬಳವನ್ನೂ ಬೆಳೆಯುತ್ತಾನೆ. ಜೋಳದ ದಂಟಿಗೆ ಬಳ್ಳಿ ಹಬ್ಬುತ್ತದೆ, ಕುಂಬಳದ ಎಲೆ ನೆಲಕ್ಕೆ ನೆರಳಾಗಿ ತೇವ ಕಾಯುತ್ತದೆ. ಮಳೆ ಬಿದ್ದ ಮೇಲೆ ಆ ಹೊಲದಲ್ಲಿ ಬಿತ್ತದೆ ಹುಟ್ಟುವ ನಾನಾ ಬಗೆಯ ಸೊಪ್ಪನ್ನು ಹೆಂಗಸರು ಆರಿಸಿ ತಂದು ಸಂತೆಯಲ್ಲಿ ಗುಡ್ಡೆ ಹಾಕುತ್ತಾರೆ. ಆ ಗುಡ್ಡೆಗಳಲ್ಲಿ ನಮ್ಮ ದಂಟಿನ ಸೊಪ್ಪಿನ ಬಂಧುಗಳೂ, ಅಕ್ಷರಶಃ ನಮ್ಮದೇ ಆದ ದೊಡ್ಡಗೋಣಿ ಸೊಪ್ಪೂ ಕಂಡವು. ಬಂಗಾರಪೇಟೆಯ ಸುತ್ತಲಿನ ಹಳ್ಳಿಗಳಲ್ಲಿ ಬೆರಕೆ ಸೊಪ್ಪಿನ ಸಾರು ಉಂಡವರಿಗೆ ಇದರ ಬೆಲೆ ತಿಳಿಯುತ್ತದೆ. ಅವರು ಗೋಣಿಸೊಪ್ಪನ್ನು ಹಸಿರು ಮೆಣಸಿನಕಾಯಿಯ ಗೊಜ್ಜಿನಲ್ಲಿ ಹಂದಿಮಾಂಸದೊಡನೆ ಬೇಯಿಸುತ್ತಾರೆ. ನಾನು ಒಂದು ಸಂಜೆ ಅದನ್ನೇ ಬೇಳೆಯೊಡನೆ ಬೇಯಿಸಿ, ಮಸೆದು, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟು ಮಸ್ಸೊಪ್ಪು ಮಾಡಿ ಆಕೆಗೆ ಬಡಿಸಿದೆ. ಆಕೆ ಎರಡನೆಯ ಸಲ ಹಾಕಿಸಿಕೊಂಡಳು. ದಂಟಿನ ಜಾತಿಯ ಬೀಜವನ್ನು ಅರಳಿಸಿ ಜೇನಿನಲ್ಲಿ ಕಟ್ಟಿದ ಒಂದು ಸಿಹಿಯನ್ನೂ ಅಲ್ಲಿ ಮಾರುತ್ತಾರೆ. ಪೂರ್ವಕಾಲದಲ್ಲಿ ಈ ಬೀಜದ ಹಿಟ್ಟಿನಿಂದ ದೇವತಾವಿಗ್ರಹಗಳನ್ನು ಮಾಡಿ ಪ್ರಸಾದವಾಗಿ ತಿನ್ನುತ್ತಿದ್ದರೆಂಬ ಕಾರಣಕ್ಕೆ ಸ್ಪೇನಿನ ಆಳರಸರು ಅದನ್ನು ಅಡಗಿಸಿದರು, ಆದರೂ ಹಳ್ಳಿಗಳಲ್ಲಿ ಅದು ಉಳಿಯಿತು.

ಮೆಣಸಿನಕಾಯಿ, ಟೊಮೇಟೊ, ಸೀಬೆ, ಪರಂಗಿ, ಸೀತಾಫಲ ಇವೆಲ್ಲ ಆ ಕಡೆಯ ಖಂಡದಿಂದ ಬಂದು ನಮ್ಮವಾದ ಕಥೆ ಬಹಳ ಸಲ ಹೇಳಲ್ಪಟ್ಟಿದೆ. ನಮ್ಮಿಂದ ಅಲ್ಲಿಗೆ ಹೋದುದರ ಕಥೆ ಅಷ್ಟು ಪ್ರಚಾರದಲ್ಲಿಲ್ಲ. ಹುಣಿಸೆಯೂ ಮಾವೂ ಸಮುದ್ರ ದಾಟಿ ಅಲ್ಲಿ ಬೇರೂರಿವೆ. ಶಾಲೆಯ ಬಾಗಿಲಲ್ಲಿ ಮಾವಿನ ಹೋಳಿಗೆ ಉಪ್ಪುಖಾರ ಉದುರಿಸಿ ನಿಂಬೆ ಹಿಂಡಿ ಮಾರುವವನನ್ನು ಪಚೂಕಾದಲ್ಲಿ ಕಂಡಾಗ, ಅವನನ್ನು ನಮ್ಮ ಮಾವಿನ ಸೀಮೆಯಾದ ಶ್ರೀನಿವಾಸಪುರದ ಕಡೆಯವನೇ ಎಂದು ಕೇಳಬೇಕೆನಿಸಿತು. ನಮ್ಮಲ್ಲಿ ಎಲೆಗಾಗಿ ಬೆಳೆಯುವ ಪುಂಡಿಗಿಡದ ಕೆಂಪು ಪುಷ್ಪಪತ್ರಗಳನ್ನು ಒಣಗಿಸಿ ಕುದಿಸಿ ಅವರು ಮಾಡುವ ಹುಳಿಸಿಹಿಯ ಪಾನಕ, ಅಲ್ಲಿ ಪ್ರತಿ ಹೋಟೆಲಿನಲ್ಲಿಯೂ ಇರುತ್ತದೆ. ಕವಿ ಒಕ್ತಾವಿಯೋ ಪಾಸ್ 1962ರಿಂದ 1968ರವರೆಗೆ ದೆಹಲಿಯಲ್ಲಿ ಮೆಕ್ಸಿಕೋದ ರಾಯಭಾರಿಯಾಗಿದ್ದಾಗ ಎರಡು ದೇಶಗಳ ಮಸಾಲೆಯ ಪಾಕಗಳ ಹೋಲಿಕೆಯನ್ನು ಕುರಿತು ಚಿಂತಿಸಿದ್ದುಂಟು. ಅದಕ್ಕೂ ಮುಂಚೆ, ವಾರ್ಧಾದಲ್ಲಿ ಹುಟ್ಟಿ ಗದರ್ ಪಕ್ಷದ ಕ್ರಾಂತಿಕಾರಿಯಾಗಿ ದೇಶ ಬಿಟ್ಟ ಪಾಂಡುರಂಗ ಖಾನ್‌ಖೋಜೆಯವರು ಚಾಪಿಂಗೋದ ಕೃಷಿಶಾಲೆಯಲ್ಲಿ ಪ್ರಾಧ್ಯಾಪಕರಾಗಿ ಅಲ್ಲಿಯ ಬಡರೈತರಿಗಾಗಿ ಮುಸುಕಿನ ಜೋಳದ ತಳಿಗಳ ಮೇಲೆ ದುಡಿದರು; ದಿಯೆಗೋ ರಿವೆರಾ ಎಂಬ ಮಹಾಚಿತ್ರಕಾರನು ಮೆಕ್ಸಿಕೋ ನಗರದ ಶಿಕ್ಷಣ ಇಲಾಖೆಯ ಗೋಡೆಯ ಮೇಲೆ ಬರೆದ ಭಿತ್ತಿಚಿತ್ರವೊಂದರಲ್ಲಿ ಅವರನ್ನು ಊಟದ ಮೇಜಿನ ಬಳಿ ಚಿತ್ರಿಸಿದ್ದಾನೆ. ಹೊರದೇಶಕ್ಕೆ ಹೋದ ಭಾರತೀಯನೊಬ್ಬನು ಆ ದೇಶದ ಅನ್ನಕ್ಕಾಗಿ ದುಡಿದುದಕ್ಕೆ ಇದಕ್ಕಿಂತ ಗೌರವದ ಸಾಕ್ಷ್ಯವನ್ನು ನಾನು ಕಾಣೆ.

ಈಗ ಕಾರ್ನ್‌ವಾಲಿನ ತಿನಿಸಿಗೆ ಬರೋಣ. ಪಚೂಕಾದಿಂದ ಬೆಟ್ಟದ ಹಾದಿಯಲ್ಲಿ ಮೇಲೇರಿದರೆ ಸುಮಾರು 2,700 ಮೀಟರು ಎತ್ತರದಲ್ಲಿ, ಮಂಜಿನಲ್ಲಿ ನೆನೆದ ಕೆಂಪುಹೆಂಚಿನ ಮನೆಗಳ ರೆಯಾಲ್ ದೆಲ್ ಮೊಂತೆ ಸಿಗುತ್ತದೆ. ಊರೊಳಗೆ ಕಾಲಿಟ್ಟೊಡನೆ ಮೂಗಿಗೆ ಬೀಳುವುದು ಒಲೆಯಲ್ಲಿ ಬೇಯುತ್ತಿರುವ ಗೋಧಿಹಿಟ್ಟಿನ ಪರಿಮಳ. ಕಾರ್ನ್‌ವಾಲಿನ ಗಣಿಗಾರನು ಗಣಿಯೊಳಗೆ ಒಯ್ಯುತ್ತಿದ್ದ, ಮಾಂಸವನ್ನೂ ಆಲೂಗೆಡ್ಡೆಯನ್ನೂ ತುಂಬಿ ಅರ್ಧಚಂದ್ರಾಕಾರವಾಗಿ ಮಡಿಚಿ ಅಂಚನ್ನು ಹೆಣೆದು ಸುಟ್ಟ ಕಡುಬೇ ಇಲ್ಲಿ ಪಾಸ್ತೆ ಎಂಬ ಹೆಸರಿನಿಂದ ಮನೆಮಾತಾಗಿದೆ. ಆ ದಪ್ಪನಾದ ಅಂಚು ಗಣಿಯ ಕೊಳೆಹತ್ತಿದ ಕೈಯಿಂದ ಹಿಡಿದು ತಿನ್ನುವುದಕ್ಕೆಂದೂ, ಕೊನೆಗೆ ಅದನ್ನು ಎಸೆಯುತ್ತಿದ್ದರೆಂದೂ ಎರಡು ದೇಶಗಳಲ್ಲಿಯೂ ಹೇಳುತ್ತಾರೆ. ಇಂಗ್ಲೆಂಡಿನ ಸಪ್ಪೆಯ ತಿನಿಸು ಮೆಕ್ಸಿಕೋದ ಅಡಿಗೆಯವಳ ಕೈಗೆ ಬಂದಮೇಲೆ ಅದರೊಳಗೆ ಹಸಿಮೆಣಸಿನಕಾಯಿ ಸೇರಿತು. ಆಮೇಲೆ ಹುರುಳಿಕಾಯಿಯ ಬೀಜ, ಹಸಿರು ಮಸಾಲೆಯ ಕೋಳಿ, ಅನಾನಸು, ಹಾಲಿನಲ್ಲಿ ಬೇಯಿಸಿದ ಅನ್ನ ಎಲ್ಲವೂ ಸೇರಿದವು. ಆ ಊರಿನಲ್ಲಿ ಪಾಸ್ತೆಗೆಂದೇ ಒಂದು ವಸ್ತುಸಂಗ್ರಹಾಲಯವಿದೆ. ಪ್ರತಿವರ್ಷ ಅಕ್ಟೋಬರಿನಲ್ಲಿ ಪಾಸ್ತೆಯ ಉತ್ಸವ ನಡೆಯುತ್ತದೆ. 2014ರಲ್ಲಿ ಅಂದಿನ ಇಂಗ್ಲೆಂಡಿನ ಯುವರಾಜ ಚಾರ್ಲ್ಸ್ ಅಲ್ಲಿಗೆ ಬಂದುಹೋದನು. ಊರಿನ ಮೇಲಣ ಗುಡ್ಡದಲ್ಲಿ ಇಂಗ್ಲಿಷರ ಸ್ಮಶಾನ. ಕಾರ್ನ್‌ವಾಲಿನ ಮನೆತನಗಳ ಹೆಸರುಗಳನ್ನು ಅಲ್ಲಿಯ ಸಮಾಧಿಗಳ ಮೇಲೆ ಓದುತ್ತ ನಿಂತಾಗ, ನಮ್ಮ ಗಣಿಪ್ರದೇಶದ ಸ್ಮಶಾನದಲ್ಲಿಯೂ ಅದೇ ಪ್ರಾಂತದಿಂದ ಬಂದು ಮಣ್ಣಾದವರಿದ್ದಾರೆಂಬುದು ನೆನಪಾಗಿ, ನಾನು ಬಹಳ ಹೊತ್ತು ಅಲ್ಲಿಂದ ಕದಲಲಿಲ್ಲ.

ಅದೇ ಕಂಪನಿಯ ಜನ, ಅದೇ ಕಾರ್ನ್‌ವಾಲಿನ ಅಡಿಗೆ ನಮ್ಮಲ್ಲಿಗೂ ಬಂದಿತ್ತಲ್ಲವೆ, ಇಲ್ಲೇಕೆ ಅದು ಊರಿನ ತಿನಿಸಾಗಲಿಲ್ಲವೆಂಬ ಪ್ರಶ್ನೆ ಸಹಜವಾದುದು. ನನ್ನ ಬುದ್ಧಿಗೆ ತೋರುವ ಉತ್ತರ ಇದು. ರೆಯಾಲ್ ದೆಲ್ ಮೊಂತೆಯಲ್ಲಿ ಕಾರ್ನ್‌ವಾಲಿನವರು ಕೂಲಿಗೆ ಬಂದವರು. ಕಂಪನಿ ಮುಳುಗಿದ ಮೇಲೆ ಅಲ್ಲಿಯವರ ನಡುವೆ ಬಾಳಿದರು, ಅಲ್ಲಿಯ ಹೆಂಗಸರನ್ನು ಮದುವೆಯಾದವರೂ ಉಂಟು. ನಮ್ಮಲ್ಲಿ ಅವರು ಆಳುವವರ ಜನ. ಬಂಗಲೆಗಳು ಒಂದು ಕಡೆ, ಉತ್ತರ ಆರ್ಕಾಟಿನಿಂದಲೂ ಚಿತ್ತೂರಿನಿಂದಲೂ ಬಂದ ಕಾರ್ಮಿಕರ ತಗಡಿನ ಲೈನುಗಳು ಒಂದು ಕಡೆ. ನಡುವೆ ಕ್ಲಬ್ಬು, ಅದರ ಬಾಗಿಲು ಎಲ್ಲರಿಗೂ ತೆರೆದುದಲ್ಲ. ಬಂಗಲೆಯ ಒಲೆಯಲ್ಲಿ ಬೆಂದದ್ದು ಬಟ್ಲರನ ಮೂಲಕ, ಆಂಗ್ಲೋ-ಇಂಡಿಯನ್ ಮನೆಗಳ ಮೂಲಕ ಸ್ವಲ್ಪ ದೂರ ಬಂದಿತು, ಲೈನಿನವರೆಗೆ ಪೂರ್ತಿಯಾಗಿ ಇಳಿಯಲಿಲ್ಲ. ಗಣಿಯೊಳಗೆ ಎರಡು ಮೈಲಿ ಆಳಕ್ಕೆ ಇಳಿದು, ನಿಂತರೆ ಬೆವರು ಹರಿಯುವ ಕಾವಿನಲ್ಲಿ ಬಂಡೆ ಕೊರೆದವನ ಡಬ್ಬಿಯಲ್ಲಿ ಇದ್ದುದು ರಾಗಿಕಳಿ, ಹುಳಿಯನ್ನ, ಒಣಮೀನಿನ ಗೊಜ್ಜು, ಮಜ್ಜಿಗೆ. ಅದನ್ನು ಕಟ್ಟಿಕೊಟ್ಟ ಕೈಗಳ ಹೆಸರು ಯಾವ ದಾಖಲೆಯಲ್ಲಿಯೂ ಇಲ್ಲ.

ನವೆಂಬರಿನ ಮೊದಲ ಎರಡು ದಿನ ಆ ದೇಶದಲ್ಲಿ ಸತ್ತವರ ಹಬ್ಬ. ಮನೆಯೊಡತಿ ಮೇಜಿನ ಮೇಲೆ ಗಂಡನ ಭಾವಚಿತ್ರವನ್ನಿಟ್ಟು, ಮುಂದೆ ನೀರು, ಉಪ್ಪು, ದೀಪ, ಹಬ್ಬಕ್ಕೆಂದೇ ಮಾಡುವ ಸಿಹಿಬ್ರೆಡ್ಡು, ಆತನಿಗೆ ಪ್ರಿಯವಾಗಿದ್ದ ಮಸಾಲೆಯ ಮಾಂಸ, ಒಂದು ಲೋಟ ಪುಲ್ಕೆ, ಒಂದು ಸಿಗರೇಟು ಇಟ್ಟು, ಧೂಪ ಹಾಕಿ, ಬೀದಿಯ ಬಾಗಿಲಿನಿಂದ ಮೇಜಿನವರೆಗೆ ಚೆಂಡುಹೂವಿನ ಎಸಳುಗಳ ಹಾದಿಯನ್ನು ಉದುರಿಸಿದಳು. ಕೆಲಸದಿಂದ ದಣಿದು ಬರುವವನಿಗೆ ದಾರಿ ಕಾಣಬೇಕಲ್ಲ ಎಂದಳು. ನಮ್ಮ ಕಡೆ ಮಹಾಲಯ ಅಮಾವಾಸ್ಯೆಯಂದು ಹಿರಿಯರಿಗೆ ಎಡೆಯಿಡುವಾಗ, ಅಜ್ಜನಿಗೆ ಬಾಡಿನ ಸಾರು, ಮುದ್ದೆ, ಬೀಡಿ, ಒಂದು ಗುಟುಕು ಹೆಂಡ ಇಟ್ಟು ಸಾಂಬ್ರಾಣಿಯ ಹೊಗೆ ಹಾಕಿ, ಬಾಗಿಲು ಮುಂದುಮಾಡಿ ಹೊರಗೆ ಕಾಯುವ ಪದ್ಧತಿಯನ್ನು ನಾನು ಆಕೆಗೆ ವಿವರಿಸಿದೆ. ಆ ಚೆಂಡುಹೂವೂ ಮೆಕ್ಸಿಕೋದಿಂದ ಬಂದುದೇ; ಇಂದು ಅದು ಕೋಲಾರದ ಹೊಲಗಳಲ್ಲಿ ಬೆಳೆದು ನಮ್ಮ ಪ್ರತಿ ಹಬ್ಬದ ಬಾಗಿಲಿಗೆ ತೋರಣವಾಗುತ್ತದೆ. ಆಕೆ ಮರುಮಾತಾಡದೆ ಇನ್ನೊಂದು ತಟ್ಟೆಯನ್ನು ತಂದು ಮೇಜಿನ ಮೇಲಿಟ್ಟು, ನಿನ್ನ ಅಜ್ಜನಿಗೂ ಬಡಿಸು ಎಂದಳು. ನನ್ನ ತಾತನೂ ಗಣಿಯಲ್ಲಿ ದುಡಿದವರೇ. ನಾನು ಬಡಿಸಿದೆ.

ಮೆಕ್ಸಿಕೋದ ಸಾಂಪ್ರದಾಯಿಕ ಪಾಕವನ್ನು ಯುನೆಸ್ಕೋ 2010ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಪಚೂಕಾದ ಸುತ್ತಲಿನ ಗಣಿಸೀಮೆಯನ್ನು 2017ರಲ್ಲಿ ಜಾಗತಿಕ ಭೂ-ಉದ್ಯಾನವೆಂದು ಮನ್ನಿಸಿತು. ರೆಯಾಲ್ ದೆಲ್ ಮೊಂತೆಯ ಆಕೋಸ್ತಾ ಗಣಿಯೊಳಗೆ ಇಂದು ಶಾಲಾಮಕ್ಕಳು ಶಿರಸ್ತ್ರಾಣ ತೊಟ್ಟು ಇಳಿಯುತ್ತಾರೆ. ಮೇಲೆ ಬಂದಮೇಲೆ ಪಾಸ್ತೆ ತಿನ್ನುತ್ತಾರೆ. ಪಟ್ಟಿಗಳಿಂದಲೂ ಪ್ರಶಸ್ತಿಗಳಿಂದಲೂ ಅಡಿಗೆ ಉಳಿಯುತ್ತದೆಂದು ನಾನು ನಂಬುವವನಲ್ಲ. ಆದರೆ ಬೆಳ್ಳಿ ಮುಗಿದ ಮೇಲೂ ಊರು ಮುಗಿಯಬೇಕಾಗಿಲ್ಲವೆಂಬುದನ್ನು ಆ ಜನ ತಮ್ಮ ಒಲೆಗಳಿಂದ ಸಾಧಿಸಿದ್ದಾರೆಂಬುದು ಕಣ್ಣಿಗೆ ಕಾಣುವ ಸತ್ಯ. ನಮ್ಮ ಕಡೆಯಲ್ಲಿ ಬಂಗಾರಪೇಟೆಯ ಪಾನಿಪುರಿ, ತನ್ನ ಬಣ್ಣವಿಲ್ಲದ ಖಾರದ ನೀರಿನಿಂದ, ಯಾರ ಪ್ರೋತ್ಸಾಹವೂ ಇಲ್ಲದೆ ಬೆಂಗಳೂರಿನವರೆಗೆ ಹೆಸರು ಮಾಡಿದೆ. ಗಣಿಯ ಲೈನುಗಳ ಅಡಿಗೆಗೆ ಆ ಭಾಗ್ಯ ಬರಲಿಲ್ಲ.

ನಮ್ಮ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಅಂದು ನಲವತ್ತರ ಪ್ರಾಯದಲ್ಲಿದ್ದ ಕಾರ್ಮಿಕರೂ, ಅವರಿಗೆ ರಾತ್ರಿಪಾಳಿಯ ಬುತ್ತಿ ಕಟ್ಟಿಕೊಟ್ಟ ಅವರ ಮಡದಿಯರೂ ಇಂದು ಅರುವತ್ತನ್ನು ದಾಟಿದ್ದಾರೆ. ಅವರ ತಾಯಂದಿರಲ್ಲಿ ಉಳಿದವರು ವಿರಳ. ಊರಿಗಾಂ, ಚಾಂಪಿಯನ್, ಮಾರಿಕುಪ್ಪಗಳಿಂದ ದಿನಬೆಳಗಾದರೆ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವ, ಓದಲು ಪರದೇಶಗಳಿಗೆ ಹೋಗುವ ಮಕ್ಕಳಲ್ಲಿ ನನ್ನದೊಂದು ಪ್ರಾರ್ಥನೆ. ಮುಂದಿನ ಭಾನುವಾರ ಮನೆಯಲ್ಲಿರುವಾಗ ನಿಮ್ಮ ಅಜ್ಜಿಯ ಬಳಿ ಕುಳಿತು, ತಾತನ ಡಬ್ಬಿಯಲ್ಲಿ ಏನಿರುತ್ತಿತ್ತು, ಅದನ್ನು ಎಷ್ಟು ಗಂಟೆಗೆ ಎದ್ದು ಮಾಡುತ್ತಿದ್ದರು, ಸಂಬಳದ ದಿನ ಏನು ಅಡಿಗೆ, ಸಂಬಳ ಮುಗಿದ ವಾರ ಏನು ಅಡಿಗೆ, ಗಣಿಯಲ್ಲಿ ಬಂಡೆ ಸಿಡಿದು ಏರ್‌ಬ್ಲಾಸ್ಟ್ ಆಗಿ ಪಾತ್ರೆಗಳು ನಡುಗಿದ ದಿನ ಒಲೆಯ ಮೇಲೆ ಏನಿತ್ತು ಎಂದು ಕೇಳಿರಿ. ತಮಿಳಿನಲ್ಲಿ ಹೇಳಿದರೆ ತಮಿಳಿನಲ್ಲಿ, ತೆಲುಗಿನಲ್ಲಿ ಹೇಳಿದರೆ ತೆಲುಗಿನಲ್ಲಿ, ಕನ್ನಡದಲ್ಲಿ ಹೇಳಿದರೆ ಕನ್ನಡದಲ್ಲಿ, ಅಳತೆಸಹಿತವಾಗಿ ಬರೆದಿಡಿರಿ.